ಡರ್ಬಿಶೈರ್‌ನಲ್ಲಿ ಒಂದೇ ದಿನ: ಯಾವ ಹಳೇ ಬಂಗಲೆ ನೋಡೋದು, ಮನೆನಾ ತೋಟನಾ?

ನೆರಳುಮರ:
ಜೂನ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗುತ್ತಿದ್ದೇವೆ. ತಮ್ಮ ಡರ್ಬಿ ಹತ್ತಿರ ಇದ್ದಾನೆ, ಕಾರಿದೆ. ಒಂದು ದಿನವನ್ನು ಪೂರ್ತಿ ಹಳ್ಳಿಗಾಡಿನ ಹಳೇ ದೊಡ್ಡಮನೆ ನೋಡೋದಕ್ಕೆ ಇಟ್ಟಿದ್ದೇವೆ. ತಮ್ಮ ನಾಲ್ಕು ಹೆಸರು ಕೊಟ್ಟಿದ್ದಾನೆ: ಚಾಟ್ಸ್‌ವರ್ತ್, ಹಾರ್ಡ್‌ವಿಕ್, ಕೆಡಲ್‌ಸ್ಟನ್, ಕಾಕ್ ಆ್ಯಬಿ. ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ, ಕಲ್ಲಿನ ಮನೆ, ಮುಂದೆ ಹುಲ್ಲು, ಒಂದು ಕೆರೆ. ಅಮ್ಮನಿಗೆ ಗಿಡ ಅಂದರೆ ಪ್ರಾಣ. ಅಪ್ಪ ಪಿಡಬ್ಲ್ಯೂಡಿಯಲ್ಲಿ ಎಂಜಿನಿಯರ್ ಆಗಿದ್ದವರು, ಮಂಡಿ ನೋವಿದೆ, ಚಿನ್ನದ ಮಂಚ ತೋರಿಸಿದರೆ ಎರಡೇ ನಿಮಿಷಕ್ಕೆ ಆಕಳಿಸುತ್ತಾರೆ. ಯಾವುದಕ್ಕೆ ಹೋಗೋದು? ಒಳಗೆ ಹೋಗಬೇಕಾ, ಇಲ್ಲ ತೋಟ ಸುತ್ತಿಕೊಂಡು ಬಂದರೆ ಸಾಕಾ?

ಬಾಳೆಗೊನೆ:
ಅಮ್ಮನಿಗೆ ಗಿಡ ಇಷ್ಟ ಅಂದ ಮೇಲೆ ಚಾಟ್ಸ್‌ವರ್ತ್ ಬಿಟ್ಟು ಬೇರೆ ಯೋಚನೆ ಬೇಡ. ತೋಟವೇ 105 ಎಕರೆ. ಹೊರಡೋ ಮುಂಚೆ ಅಮ್ಮನಿಗೆ ಒಂದು ವಿಷಯ ಹೇಳಿ, ಖುಷಿಪಡುತ್ತಾರೆ. ನಾವು ದಿನಾ ತಿನ್ನೋ ಜಿ-9 ಬಾಳೆ ಇದೆಯಲ್ಲ, ಅದು ಕ್ಯಾವೆಂಡಿಶ್ ಗುಂಪಿನದು. ಆ ಕ್ಯಾವೆಂಡಿಶ್ ಅನ್ನೋ ಹೆಸರು ಬಂದದ್ದೇ ಈ ಮನೆಯ ಯಜಮಾನರಿಂದ. ಡೆವನ್‌ಶೈರ್‌ನ 6ನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್. ಅವರ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಗಾಜಿನ ಮನೆಯೊಳಗೆ, ಆ ಚಳಿ ದೇಶದಲ್ಲಿ, ಬಾಳೆ ಬೆಳೆಸಿ ಗೊನೆ ಬಿಡಿಸಿದ. ಹೆಸರು ಮಾತ್ರ ಡ್ಯೂಕ್‌ದು!

ಇದೇ ಪ್ಯಾಕ್ಸ್‌ಟನ್ ಆಮೇಲೆ 1851ರ ಲಂಡನ್ ಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ್ದು. ಅದಕ್ಕೆ ಬೇಕಾದ ಅನುಭವವೆಲ್ಲ ಚಾಟ್ಸ್‌ವರ್ತ್‌ನ ದೊಡ್ಡ ಗಾಜಿನ ಮನೆಯಲ್ಲಿ ಸಿಕ್ಕಿತ್ತು. ಅದನ್ನು ಹುಡುಕಿಕೊಂಡು ಹೋಗಬೇಡಿ, ಈಗ ಇಲ್ಲ. ಬಿಸಿ ಇಡೋದಕ್ಕೆ ರಾಶಿ ರಾಶಿ ಕಲ್ಲಿದ್ದಲು ಬೇಕಿತ್ತು, ಮೊದಲ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಸಿಡಿಮದ್ದು ಇಟ್ಟು ಒಡೆದುಹಾಕಿದರು. ಆ ಜಾಗದಲ್ಲಿ ಈಗ ಯೂ ಅನ್ನೋ ನಿತ್ಯಹಸಿರು ಗಿಡದ ಬೇಲಿಗಳ ಒಂದು ಚಕ್ರವ್ಯೂಹ ಇದೆ. ಮಕ್ಕಳಿದ್ದರೆ ಅಲ್ಲೇ ಅರ್ಧ ದಿನ ಹೋಗುತ್ತೆ.

ಗಾರೆಕೆಲಸ:
ನಾನು ಇಲ್ಲೇ ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿದ್ದೇನೆ. ಅಪ್ಪ ಪಿಡಬ್ಲ್ಯೂಡಿ ಅಂದ್ರಲ್ಲ, ಅವರಿಗೂ ಚಾಟ್ಸ್‌ವರ್ತ್ ಆಗುತ್ತೆ, ಆದರೆ ಮಂಚ ತೋರಿಸಬೇಡಿ, ನೀರು ತೋರಿಸಿ. ಎಂಪರರ್ ಫೌಂಟನ್ ಅಂತ ಒಂದಿದೆ. 1844ರಲ್ಲಿ ರಷ್ಯಾದ ಚಕ್ರವರ್ತಿ ಬರುತ್ತಾನೆ ಅಂತ ಪ್ಯಾಕ್ಸ್‌ಟನ್ ಮಾಡಿಸಿದ್ದು. ಗುಡ್ಡದ ಮೇಲೆ ಒಂದು ಹೊಸ ಕೆರೆಯನ್ನೇ ತೋಡಿದ, ಅಲ್ಲಿಂದ ಪೈಪಿನಲ್ಲಿ ನೀರು ಇಳಿಸಿದ, ಕೆಳಗೆ ಆ ಒತ್ತಡಕ್ಕೇ ನೀರು ಚಿಮ್ಮಬೇಕು. ಪಂಪ್ ಇಲ್ಲ. 296 ಅಡಿ ಎತ್ತರಕ್ಕೆ ಹಾರಿದ ದಾಖಲೆ ಇದೆ. ಚಕ್ರವರ್ತಿ ಬರಲೇ ಇಲ್ಲ, ಅದು ಬೇರೆ ಮಾತು. ಅಪ್ಪನನ್ನು ಅದರ ಮುಂದೆ ಬೆಂಚಿನಲ್ಲಿ ಕೂರಿಸಿ, ಹೆಡ್ (ನೀರು ಇಳಿಯೋ ಎತ್ತರ) ಎಷ್ಟು, ಪೈಪಿನ ವ್ಯಾಸ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂರುತ್ತಾರೆ. ಒಂದು ಎಚ್ಚರಿಕೆ: ಇಂಥ ಹಳೇ ನೀರಿನ ವ್ಯವಸ್ಥೆ ಆಗಾಗ ದುರಸ್ತಿಗೆ ನಿಂತಿರುತ್ತೆ. ಹೋಗೋ ದಿನ ಏನೇನು ಓಡುತ್ತಿದೆ ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಮನೆಯ ಬಗ್ಗೆ ನನ್ನ ಮಾತು ಇಷ್ಟೇ. ಇಂಥ ಮನೆಗಳ ಎದುರಿನ ಮುಖ ನೋಡಿದರೆ ಎಲ್ಲವೂ ಒಂದೇ ಅನ್ನಿಸೋದು ಸಹಜ, ಆ ಮುಖ ಮಾಡಿರೋದೇ ದೂರದಿಂದ ನೋಡಿ ಬೆರಗಾಗಲಿ ಅಂತ. ಹಿಂದಕ್ಕೆ ಹೋಗಿ. ಅಡುಗೆಮನೆ, ಆಳುಗಳ ಮೆಟ್ಟಿಲು, ಚರಂಡಿ, ಮಾಡು, ತರಕಾರಿ ತೋಟದ ಗೋಡೆ. ಮನೆ ಹೇಗೆ ನಡೆಯುತ್ತಿತ್ತು, ಯಾರು ನಡೆಸುತ್ತಿದ್ದರು, ದುಡ್ಡು ಎಲ್ಲಿಂದ ಬಂತು, ಎಲ್ಲ ಗೊತ್ತಾಗೋದು ಅಲ್ಲೇ.

ಬಿಸಿಲುಕುದುರೆ:
ಸಿಟ್ಟು ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ಇವೆಲ್ಲ ಜಮೀನ್ದಾರರ ಮನೆ ತಾನೇ? ಊರಿನವರ ಗೇಣಿ, ನಮ್ಮಂಥವರ ದೇಶದಿಂದ ಹೊತ್ತ ಸಾಮಾನು. ಅದಕ್ಕೆ ನಾವೇ ಟಿಕೆಟ್ ತಗೊಂಡು ಹೋಗಿ ಆಹಾ ಅನ್ನಬೇಕಾ? ಇಂಗ್ಲೆಂಡಿನಲ್ಲಿ ನೋಡೋದಕ್ಕೆ ಬೇರೆ ಏನೂ ಇಲ್ವಾ?

ಹಿಂಬಾಗಿಲು:
ಆಹಾ ಅನ್ನಬೇಕು ಅಂತ ಯಾರೂ ಹೇಳಲಿಲ್ಲ. ನಿಮ್ಮ ಪ್ರಶ್ನೆ ಇಟ್ಟುಕೊಂಡೇ ಹೋಗಿ, ಆಗ ಕೆಡಲ್‌ಸ್ಟನ್‌ನಂಥ ಮನೆ ಬಾಯಿಬಿಟ್ಟು ಮಾತಾಡುತ್ತೆ. ಲಾರ್ಡ್ ಕರ್ಜನ್ ಹುಟ್ಟಿ ಬೆಳೆದ ಮನೆ ಅದು. ಬಂಗಾಳ ಒಡೆದ ವೈಸ್‌ರಾಯ್ ಕರ್ಜನ್. ಕೆಳಗಿನ ಅಂತಸ್ತಿನಲ್ಲಿ ಆತ ಏಷ್ಯಾದಿಂದ ತಂದ ಸಾಮಾನುಗಳದ್ದೇ ಒಂದು ಮ್ಯೂಸಿಯಂ ಇದೆ. 1903ರ ದೆಹಲಿ ದರ್ಬಾರಿನಲ್ಲಿ ಆತನ ಹೆಂಡತಿ ತೊಟ್ಟ ನವಿಲುಗರಿ ಉಡುಪೂ ಅಲ್ಲೇ ಇರೋದು. ನವಿಲುಗರಿಯ ಆಕಾರದ ಜರಿ ಕೆಲಸ, ಒಂದೊಂದು ಕಣ್ಣಿಗೂ ಜೀರುಂಡೆಯ ಹಸಿರು ರೆಕ್ಕೆ. ಆ ಜರಿ ಕೆಲಸ ಮಾಡಿದ ಕೈ ಭಾರತದ್ದು.

ಇನ್ನೊಂದು ತಮಾಷೆ ನೋಡಿ. ಕೋಲ್ಕತ್ತದ ರಾಜಭವನ ಇದೆಯಲ್ಲ, ಹಿಂದಿನ ಗವರ್ನಮೆಂಟ್ ಹೌಸ್, ಅದರ ನಕ್ಷೆಗೆ ಮಾದರಿ ಆಗಿದ್ದು ಇದೇ ಕೆಡಲ್‌ಸ್ಟನ್. 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಶುರು ಮಾಡಿದ್ದು, 1803ಕ್ಕೆ ಮುಗಿಯಿತು. ಡರ್ಬಿಶೈರ್ ಚಳಿಗೆ ಕಟ್ಟಿದ ಮನೆಯ ಯೋಜನೆಯನ್ನು ಕೋಲ್ಕತ್ತದ ಬೆವರಿಗೆ ತಂದರು. ನೂರು ವರ್ಷ ಆದಮೇಲೆ ಕರ್ಜನ್ ಅಲ್ಲಿಗೆ ವೈಸ್‌ರಾಯ್ ಆಗಿ ಹೋದಾಗ ತನ್ನ ಮನೆಯ ತಮ್ಮನಂಥ ಮನೆಯಲ್ಲೇ ವಾಸ.

ಗೇಣಿ ಮಾತು ಎತ್ತಿದ್ರಿ, ಅದಕ್ಕೂ ಕೆಡಲ್‌ಸ್ಟನ್‌ನಲ್ಲಿ ಸಾಕ್ಷಿ ಇದೆ. ಪಾರ್ಕಿನ ನೋಟ ಚೆನ್ನಾಗಿರಲಿ ಅಂತ ಮನೆ ಪಕ್ಕದ ಊರನ್ನೇ ಎತ್ತಿ ಬೇರೆ ಕಡೆ ಇಟ್ಟರು. ಹಳೇ ಚರ್ಚ್ ಒಂದು ಮನೆಗೆ ಅಂಟಿಕೊಂಡು ಉಳಿದಿದೆ, ಊರಿಲ್ಲ. ಚಾಟ್ಸ್‌ವರ್ತ್‌ನಲ್ಲೂ ಇದೇ ಕಥೆ, ಎಡೆನ್‌ಸರ್ ಅನ್ನೋ ಹಳ್ಳಿಯನ್ನು ಸುಮಾರು 1840ರ ಹೊತ್ತಿಗೆ ಕಣ್ಣಿಗೆ ಬೀಳದ ಹಾಗೆ ಬೇರೆ ಕಡೆ ಕಟ್ಟಿಸಿದರು. ಹೊಸ ಮನೆಗಳು ಚೆನ್ನಾಗೇ ಇದ್ದವು, ಒಂದೊಂದಕ್ಕೆ ಒಂದೊಂದು ಶೈಲಿ. ಆದರೂ ಹುಲ್ಲುಹಾಸು ಇಷ್ಟು ನಯವಾಗಿ ಕಂಡಾಗ ಇಲ್ಲಿ ಮೊದಲು ಯಾರ ಮನೆ ಇತ್ತು ಅಂತ ಕೇಳೋದು ತಪ್ಪಲ್ಲ.

ಬಿಸಿಲುಕುದುರೆ:
ಸರಿ, ಇದು ಬೇರೆ ಥರ ನೋಟ. ಹಾಗಾದರೆ ಟಿಪ್ಪುವಿನ ಗುಡಾರ ಇಂಥ ಯಾವುದೋ ಮನೆಯಲ್ಲಿದೆ ಅಂತ ಕೇಳಿದ್ದೆ, ಅದೂ ಡರ್ಬಿಶೈರ್‌ನಲ್ಲೇನಾ?

ಹಿಂಬಾಗಿಲು:
ಅಲ್ಲ, ಅದು ವೇಲ್ಸ್‌ನ ಪೋವಿಸ್ ಕ್ಯಾಸಲ್‌ನಲ್ಲಿ. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ ಆ ಮನೆಯ ಹುಡುಗಿಯನ್ನು ಮದುವೆಯಾಗಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆತ ಮದರಾಸಿನ ಗವರ್ನರ್. ಹೂವಿನ ಚಿತ್ತಾರದ ಚೀಟಿ ಬಟ್ಟೆಯ ಗುಡಾರ, ಸಿಂಹಾಸನದ ಚಿನ್ನದ ಹುಲಿತಲೆ ಒಂದು, ಇವೆಲ್ಲ ಅಲ್ಲಿಗೆ ಹೋದವು. ಗುಡಾರವನ್ನು ಆ ಮನೆಯವರು ತೋಟದ ಪಾರ್ಟಿಗೆ ಬಳಸಿದ್ದೂ ಉಂಟು. ನೋಡಿದರೆ ಹೊಟ್ಟೆ ಉರಿಯುತ್ತೆ, ಆದರೂ ಕನ್ನಡದವರು ನೋಡಲೇಬೇಕು ಅಂತ ನಾನು ಹೇಳೋದು. ತೋಟ ಬೇರೆ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, 17ನೇ ಶತಮಾನದ ಕೊನೆಯ ಕೆಲಸ, ಯೂ ಗಿಡಗಳು ಮೋಡದ ಥರ ಉಬ್ಬಿಕೊಂಡಿವೆ. ಎರಡೂ ಒಂದೇ ಕಡೆ, ಅದೇ ಕಷ್ಟ. ಈ ಮನೆ ನೋಡಿಕೊಳ್ಳೋದು ನ್ಯಾಷನಲ್ ಟ್ರಸ್ಟ್, ಹಳೇ ಮನೆ ತೋಟಗಳನ್ನು ಕಾಪಾಡೋ ಸಂಸ್ಥೆ. ಅವರು 2020ರಲ್ಲಿ ಒಂದು ವರದಿ ತಂದಿತು. ತಮ್ಮ ಕೈಯಲ್ಲಿರೋ 93 ಜಾಗಗಳಿಗೆ ವಸಾಹತು ಮತ್ತು ಗುಲಾಮಗಿರಿಯ ನಂಟಿದೆ ಅಂತ ಅವರೇ ಬರೆದರು. ಅದಕ್ಕೆ ಅಲ್ಲಿ ದೊಡ್ಡ ಜಗಳವೇ ಆಯಿತು. ನಿಜ ಹೇಳಿದ್ದಕ್ಕೆ ಜಗಳ!

ಕಿಟಕಿಸಂದಿ:
ಯಾರೂ ಹಾರ್ಡ್‌ವಿಕ್ ಬಗ್ಗೆ ಬರೆಯಲಿಲ್ಲ, ಅನ್ಯಾಯ. ನಾಲ್ಕರಲ್ಲಿ ನನ್ನ ಆಯ್ಕೆ ಅದೇ. 1590ರಿಂದ 1597ರೊಳಗೆ ಕಟ್ಟಿದ್ದು, ಕಟ್ಟಿಸಿದ್ದು ಒಬ್ಬ ಹೆಂಗಸು, ಬೆಸ್ ಆಫ್ ಹಾರ್ಡ್‌ವಿಕ್. ನಾಲ್ಕು ಸಲ ಮದುವೆ, ನಾಲ್ಕು ಸಲ ವಿಧವೆ, ಪ್ರತಿ ಸಲವೂ ಆಸ್ತಿ ಜಾಸ್ತಿ. ಚಾಟ್ಸ್‌ವರ್ತ್‌ನಲ್ಲಿ ಮೊದಲ ಮನೆ ಕಟ್ಟಿಸಿದ್ದೂ ಇವಳೇ, ಎರಡನೇ ಗಂಡ ಕ್ಯಾವೆಂಡಿಶ್ ಜೊತೆ. ಅಂದರೆ ಬಾಳೆಗೊನೆಯವರು ಹೇಳಿದ ಆ ಡ್ಯೂಕ್ ಇವಳ ವಂಶ. ಹಾರ್ಡ್‌ವಿಕ್‌ನ ಗೋಪುರಗಳ ತುದಿಯಲ್ಲಿ ಅವಳ ಇನಿಷಿಯಲ್ ಇ ಮತ್ತು ಎಸ್ (ಎಲಿಜಬೆತ್ ಶ್ರೂಸ್‌ಬರಿ) ಅಕ್ಷರಗಳನ್ನು ಕಲ್ಲಿನಲ್ಲೇ ಕೊರೆಸಿದ್ದಾಳೆ. ಆಕಾಶಕ್ಕೆ ಸಹಿ ಹಾಕಿದ ಹೆಂಗಸು ಇವಳೊಬ್ಬಳೇ ಇರಬೇಕು.

ಮನೆ ತುಂಬ ಗಾಜು. ಗೋಡೆಗಿಂತ ಗಾಜೇ ಜಾಸ್ತಿ ಅಂತ ಆಗಲೇ ಜನ ಪ್ರಾಸ ಕಟ್ಟಿ ಆಡಿಕೊಳ್ಳುತ್ತಿದ್ದರು. ಆ ಕಾಲಕ್ಕೆ ಗಾಜು ಭಾರಿ ದುಬಾರಿ. ಮೇಲೆ ಹೋದ ಹಾಗೆ ಕಿಟಕಿ ಎತ್ತರ ಆಗುತ್ತಾ ಹೋಗುತ್ತೆ, ಯಾಕಂದರೆ ದೊಡ್ಡವರು ಕೂರುತ್ತಿದ್ದದ್ದು ತೀರ ಮೇಲಿನ ಅಂತಸ್ತಿನಲ್ಲಿ.

ಹಳೇ ಮನೆ ನೋಡುವಾಗ ಕಿಟಕಿಯಿಂದಲೇ ಕಾಲ ಹೇಳಬಹುದು, ಅಮ್ಮನಿಗೆ ಬೇಡ, ನಿಮಗೆ ಹೇಳುತ್ತಿದ್ದೇನೆ. ಸೀಸದ ಪಟ್ಟಿಯಲ್ಲಿ ಕೂರಿಸಿದ ಚಿಕ್ಕ ಚಿಕ್ಕ ಚೂರು ಗಾಜು ಇದ್ದರೆ ಹಳೇ ಪದ್ಧತಿ. ಮೇಲಕ್ಕೆ ಕೆಳಕ್ಕೆ ಜಾರೋ ಸ್ಯಾಶ್ ಕಿಟಕಿ ಬಂದದ್ದು 17ನೇ ಶತಮಾನದ ಕೊನೆ. ಅದರಲ್ಲೂ ಗಾಜು ಸಣ್ಣದಿದ್ದು ಮರದ ಪಟ್ಟಿ ದಪ್ಪ ಇದ್ದರೆ ಹಳೇದು, ಪಟ್ಟಿ ತೆಳ್ಳಗಾದಷ್ಟೂ ಈಚಿನದು. 1845ರಲ್ಲಿ ಗಾಜಿನ ಸುಂಕ ತೆಗೆದ ಮೇಲೆ ಒಂದೊಂದು ಕಿಟಕಿಗೆ ಒಂದೆರಡೇ ದೊಡ್ಡ ಗಾಜು. ಓರೆಯಾಗಿ ನಿಂತು ನೋಡಿ. ಹೊರಗಿನ ಮರ ಗಾಜಿನೊಳಗೆ ಅಲುಗಿದ ಹಾಗೆ ಕಂಡರೆ ಅದು ಊದಿ ಮಾಡಿದ ಹಳೇ ಗಾಜು.

ಇಟ್ಟಿಗೆಯಲ್ಲಿ ಮುಚ್ಚಿದ ಕಿಟಕಿ ಕಂಡ ಕೂಡಲೇ ಗೈಡ್‌ಗಳೂ ಸೇರಿ ಎಲ್ಲರೂ ಕಿಟಕಿ ತೆರಿಗೆ ಅಂತಾರೆ. ತೆರಿಗೆ ಇತ್ತು ನಿಜ, 1696ರಿಂದ 1851ರವರೆಗೆ. ಆದರೆ ಎಷ್ಟೋ ಕಡೆ ಆ ಕುರುಡು ಕಿಟಕಿ ಮೊದಲಿನಿಂದಲೂ ಹಾಗೇ ಇತ್ತು. ಒಳಗೆ ಚಿಮಣಿ ಇದೆ, ಹೊರಗೆ ಎಡಬಲ ಸಮ ಕಾಣಬೇಕು, ಅದಕ್ಕೆ ಸುಳ್ಳು ಕಿಟಕಿ.

ನೆರಳುಮರ:
ಕಿಟಕಿಸಂದಿ ಅವರೇ, ಹಾರ್ಡ್‌ವಿಕ್ ಓದಿ ಆಸೆ ಹುಟ್ಟಿತು. ಆದರೆ ತೀರ ಮೇಲಿನ ಅಂತಸ್ತು ಅಂದ್ರಲ್ಲ, ಅಪ್ಪನ ಮಂಡಿ?

ಕಿಟಕಿಸಂದಿ:
ಅದೇ ತೊಂದರೆ. ಉದ್ದಕ್ಕೆ ಸುತ್ತಿ ಹೋಗೋ ಕಲ್ಲಿನ ಮೆಟ್ಟಿಲು. ಮೆಟ್ಟಿಲು ತಗ್ಗಾಗೇ ಇವೆ, ಆದರೆ ಬಹಳ ಇವೆ. ಮೇಲೆ ಬೆಳಕೂ ಕಮ್ಮಿ ಇಟ್ಟಿರುತ್ತಾರೆ, ಹಳೇ ನೇಯ್ಗೆಯ ಗೋಡೆ ಪರದೆಗಳ ಬಣ್ಣ ಬಿಸಿಲಿಗೆ ಹೋಗುತ್ತೆ ಅಂತ. ಗಾಜಿನ ಮನೆ ಕಟ್ಟಿ ಒಳಗೆ ಪರದೆ ಎಳೆದು ಕೂತಿದ್ದಾರೆ ಪಾಪ. ಮಂಡಿ ನೋವಿರೋರಿಗೆ ನಾನು ಒತ್ತಾಯ ಮಾಡಲ್ಲ.

ಗಾರೆಕೆಲಸ:
ಹಾರ್ಡ್‌ವಿಕ್ ಈ ಕ್ಯಾವೆಂಡಿಶ್ ಕುಟುಂಬದ ಕೈ ತಪ್ಪಿದ ಕಥೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಸತ್ತವರ ಆಸ್ತಿ ಮೇಲೆ ತೆರಿಗೆ. 1894ರಲ್ಲಿ ಎಸ್ಟೇಟ್ ಡ್ಯೂಟಿ ಅಂತ ಶುರುವಾದಾಗ ಕಮ್ಮಿ ಇತ್ತು, ಆಮೇಲೆ ಏರುತ್ತಾ ಹೋಯಿತು. 10ನೇ ಡ್ಯೂಕ್ ಬುದ್ಧಿವಂತಿಕೆ ಮಾಡಿ ಆಸ್ತಿಯನ್ನು ಮಗನ ಹೆಸರಿಗೆ ಮೊದಲೇ ಮಾಡಿಟ್ಟಿದ್ದರು. ಮಾಡಿಟ್ಟ ಮೇಲೆ 5 ವರ್ಷ ಬದುಕಿದ್ದರೆ ತೆರಿಗೆ ಇಲ್ಲ. 1950ರಲ್ಲಿ, ಗಡುವಿಗೆ ಕೆಲವೇ ವಾರ ಉಳಿದಿದ್ದಾಗ ತೀರಿಕೊಂಡರು. ತೆರಿಗೆ 80 ಪರ್ಸೆಂಟ್! ಜಮೀನು ಮಾರಿದರು, ಚಿತ್ರಗಳನ್ನು ಕೊಟ್ಟರು, ಹಾರ್ಡ್‌ವಿಕ್ ಅನ್ನೇ ತೆರಿಗೆಯ ಬದಲಿಗೆ ಸರ್ಕಾರಕ್ಕೆ ಬಿಟ್ಟರು. 1959ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ಗೆ ಬಂತು. ಚಾಟ್ಸ್‌ವರ್ತ್ ಹೇಗೋ ಉಳಿಯಿತು, ಈಗ ಅದನ್ನು ಬೇರೊಂದು ಟ್ರಸ್ಟ್ ನಡೆಸುತ್ತೆ, ಹಾಗಾಗಿ ನ್ಯಾಷನಲ್ ಟ್ರಸ್ಟ್ ಸದಸ್ಯತ್ವ ಅಲ್ಲಿ ನಡೆಯಲ್ಲ. ತಮ್ಮನ ಹತ್ತಿರ ಕಾರ್ಡ್ ಇದ್ದರೆ ಉಳಿದ ಮೂರು ಕಡೆ ನಡೆಯುತ್ತೆ.

ಎಲ್ಲ ಮನೆಗೂ ಇಂಥ ಅದೃಷ್ಟ ಇರಲಿಲ್ಲ. 20ನೇ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ದೊಡ್ಡಮನೆಗಳನ್ನು ಕೆಡವಿದರು. ಬೇಸಾಯದ ಆದಾಯ 1870ರ ದಶಕದಿಂದಲೇ ಕುಸಿದಿತ್ತು, ಯುದ್ಧದಲ್ಲಿ ವಾರಸುದಾರರು ಸತ್ತರು, ಆಳುಗಳು ಸಿಗದಾದರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಈ ನಾಶದ ಬಗ್ಗೇ ಪ್ರದರ್ಶನ ಇಟ್ಟ ಮೇಲೆ ಜನ ಎಚ್ಚೆತ್ತರು. ಈಗ ಇಂಥ ಕಟ್ಟಡಗಳೆಲ್ಲ ಸರ್ಕಾರದ ಪಟ್ಟಿಯಲ್ಲಿವೆ. ಮೂರು ದರ್ಜೆ, ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2. ಗ್ರೇಡ್ 1 ಸಿಕ್ಕೋದು ನೂರರಲ್ಲಿ ಎರಡೂವರೆಗೆ. ಅನುಮತಿ ಇಲ್ಲದೆ ಒಂದು ಹಳೇ ಕಿಟಕಿ ಕಿತ್ತರೂ ಕ್ರಿಮಿನಲ್ ಕೇಸು. ದುರಸ್ತಿ ಮಾಡಿಸಿದರೆ 20 ಪರ್ಸೆಂಟ್ ವ್ಯಾಟ್, ಹೊಸ ಮನೆ ಕಟ್ಟಿದರೆ ಸೊನ್ನೆ. ಕಾಪಾಡು ಅಂತಾರೆ, ಕಾಪಾಡೋನಿಗೇ ಬರೆ.

ಹಳೇ ಮನೆಗಳಿಗೆ ದೊಡ್ಡ ಶತ್ರು ಮಳೆಯಲ್ಲ, ಸಿಮೆಂಟು. ಸುಣ್ಣದ ಗಾರೆಯ ಗೋಡೆ ತೇವ ಕುಡಿಯುತ್ತೆ, ಬಿಸಿಲು ಬಂದಾಗ ಬಿಡುತ್ತೆ. ಯಾರೋ ಹಿಂದಿನವರು ಗಟ್ಟಿಯಾಗಲಿ ಅಂತ ಸಂದಿಗೆ ಸಿಮೆಂಟು ಮೆತ್ತಿರುತ್ತಾರೆ. ನೀರು ಒಳಗೆ ಸಿಕ್ಕಿಕೊಳ್ಳುತ್ತೆ, ಚಳಿಗೆ ಹೆಪ್ಪುಗಟ್ಟಿ ಕಲ್ಲಿನ ಮುಖವೇ ಪದರ ಪದರ ಉದುರುತ್ತೆ. ನನ್ನ ಕೆಲಸದ ಅರ್ಧ ಭಾಗ ಆ ಸಿಮೆಂಟು ಕೆರೆಯೋದು. ಗಾರೆ ಗೋಡೆಗಿಂತ ಮೆತ್ತಗಿರಬೇಕು. ಊರಲ್ಲಿ ಹಳೇ ತೊಟ್ಟಿಮನೆ ಇರೋರೂ ಇದನ್ನು ಓದಿಕೊಳ್ಳಿ.

ಸಣ್ಣಮೆಟ್ಟಿಲು:
ಕಾಕ್ ಆ್ಯಬಿ ಬಗ್ಗೆ ನಾನು ಬರೆಯುತ್ತೇನೆ. ಇದು ಉಳಿದ ಮೂರರ ಹಾಗಲ್ಲ. 1985ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಬಂದಾಗ ಮನೆ ಹಾಳು ಸುರಿಯುತ್ತಿತ್ತು. ತಲೆತಲಾಂತರದಿಂದ ಏನನ್ನೂ ಎಸೆಯದ ಕುಟುಂಬ. ಟ್ರಸ್ಟ್‌ನವರು ಹೊಸದು ಮಾಡದೆ, ಸೋರೋದನ್ನಷ್ಟೇ ನಿಲ್ಲಿಸಿ ಹಾಗೇ ಬಿಟ್ಟರು. ಸುಲಿದ ಬಣ್ಣ, ಕಿತ್ತ ಕಾಗದ, ತುಂಬಿದ ಸಾಮಾನು. 18ನೇ ಶತಮಾನದ ಚೀನೀ ರೇಷ್ಮೆಯ ಮಂಚದ ಪರದೆಗಳು ಪೆಟ್ಟಿಗೆಯಲ್ಲೇ ಇದ್ದವಂತೆ, ಯಾವತ್ತೂ ಬಿಚ್ಚದೆ ಬಣ್ಣ ನಿನ್ನೆ ಹಾಕಿದ ಹಾಗಿದೆ. ತೋಟದ ಕಡೆಯಿಂದ ಒಂದು ಸುರಂಗ, ಮಾಲಿಗಳು ಓಡಾಡೋದು ಯಜಮಾನರ ಕಣ್ಣಿಗೆ ಬೀಳಬಾರದು ಅಂತ.

ಇದು ಎಲ್ಲ ದೊಡ್ಡಮನೆಯಲ್ಲೂ ಇದ್ದ ರೋಗ. ಕೋಣೆಯಲ್ಲಿ ನಿಂತು ಗೋಡೆ ಸರಿಯಾಗಿ ನೋಡಿ, ಗೋಡೆ ಕಾಗದವೇ ಅಂಟಿಸಿದ ಬಾಗಿಲು ಇರುತ್ತೆ, ಮುಚ್ಚಿದರೆ ಗೋಡೆ ಅನ್ನಿಸುತ್ತೆ. ಆಳುಗಳು ಅಲ್ಲಿಂದ ಬಂದು ಬೆಂಕಿ ಹೊತ್ತಿಸಿ ಮಾಯವಾಗಬೇಕು. ಅಡುಗೆಮನೆ ಬೆಂಕಿ ಮತ್ತು ವಾಸನೆಗೆ ಹೆದರಿ ದೂರ ಇಡುತ್ತಿದ್ದರು, ಊಟ ಮೇಜಿಗೆ ಬರೋ ಹೊತ್ತಿಗೆ ಆರಿರುತ್ತಿತ್ತು. ಇಷ್ಟು ದುಡ್ಡು ಖರ್ಚು ಮಾಡಿ ತಣ್ಣಗಿನ ಊಟ! ಆಳುಗಳನ್ನು ಮನುಷ್ಯರ ಹಾಗೆ ಕಂಡ ಮನೆ ನೋಡಬೇಕಾದರೆ ವೇಲ್ಸ್‌ನ ಎರ್ಡಿಗ್. ಅಲ್ಲಿ ಆಳುಗಳ ಚಿತ್ರ ಬರೆಸಿ, ಪದ್ಯ ಕಟ್ಟಿ ಗೋಡೆಗೆ ಹಾಕಿದ್ದಾರೆ.

ಬಾಳೆಗೊನೆ:
ತೋಟದವರನ್ನು ಮರೆಯಬೇಡಿ. ಈ ಮನೆಗಳ ಮುಂದೆ ಹುಲ್ಲು ಬಾಗಿಲವರೆಗೂ ಹರಡಿರುತ್ತೆ, ದೂರದಲ್ಲಿ ಹಸು ಕುರಿ ಮೇಯುತ್ತಿರುತ್ತವೆ, ಬೇಲಿ ಕಾಣಲ್ಲ. ಹಸು ಯಾಕೆ ಮನೆಗೆ ನುಗ್ಗಲ್ಲ? ಮಧ್ಯೆ ಹಾ-ಹಾ ಅಂತ ಒಂದು ಕಂದಕ ಇದೆ. ಮನೆ ಕಡೆ ನೆಟ್ಟಗೆ ಗೋಡೆ, ಆಚೆ ಕಡೆ ಇಳಿಜಾರು. ಮನೆಯಿಂದ ನೋಡಿದರೆ ಹುಲ್ಲು ಒಂದೇ ಸಮ. ಅಮ್ಮನನ್ನು ಅಂಚಿನಲ್ಲಿ ಹುಷಾರಾಗಿ ನಡೆಸಿ.

ಸಹಜ ಅನ್ನಿಸೋ ಆ ಗುಡ್ಡ, ಕೆರೆ, ಮರದ ಗುಂಪು ಎಲ್ಲ ಮನುಷ್ಯರು ಮಾಡಿದ್ದೇ. ಕೇಪಬಿಲಿಟಿ ಬ್ರೌನ್ ಅನ್ನೋನು, 1716ರಲ್ಲಿ ಹುಟ್ಟಿ 1783ರಲ್ಲಿ ಸತ್ತ, ನೂರೈವತ್ತಕ್ಕೂ ಹೆಚ್ಚು ಕಡೆ ಹೀಗೆ ಮಾಡಿದ. ಚಾಟ್ಸ್‌ವರ್ತ್ ಪಾರ್ಕ್ ಕೂಡ ಅವನದೇ. ಅವನು ನೆಟ್ಟ ಮರ ದೊಡ್ಡದಾಗಿದ್ದನ್ನು ಅವನಾಗಲೀ ದುಡ್ಡು ಕೊಟ್ಟೋರಾಗಲೀ ನೋಡಲೇ ಇಲ್ಲ. ನನಗೆ ಇದಕ್ಕಿಂತ ತರಕಾರಿ ತೋಟ ಇಷ್ಟ. ಸುತ್ತ ಎತ್ತರದ ಇಟ್ಟಿಗೆ ಗೋಡೆ, ಹಗಲು ಬಿಸಿಲು ಹೀರಿ ರಾತ್ರಿ ಬಿಡುತ್ತೆ, ಅದಕ್ಕೆ ಪೀಚ್ ಗಿಡ ಚಪ್ಪಟೆಯಾಗಿ ಹಬ್ಬಿಸಿರುತ್ತಾರೆ. ಕೆಲವು ಕಡೆ ಗೋಡೆಯೊಳಗೇ ಹೊಗೆ ಹೋಗೋ ದಾರಿ ಮಾಡಿ ಬೆಂಕಿ ಹಾಕಿ ಬಿಸಿ ಇಡುತ್ತಿದ್ದರು. ಒಂದು ಅನಾನಸ್ ಹಣ್ಣಿಗೋಸ್ಕರ ವರ್ಷಗಟ್ಟಲೆ ಬೆಂಕಿ ಕಾದಿದ್ದಾರೆ, ನಾವು ತೋಟದ ಬದುವಿನಲ್ಲಿ ಬೆಳೆಯೋ ಹಣ್ಣಿಗೆ.

ಗುಲಾಬಿ ಪೂರ್ತಿ ಅರಳೋದು ಜೂನ್ ಕೊನೆಗೆ, ಆಗಲೇ ಹೋಗಲು ಆದರೆ ಒಳ್ಳೇದು.

ನೆರಳುಮರ:
ಎಲ್ಲರಿಗೂ ಥ್ಯಾಂಕ್ಸ್. ಚಾಟ್ಸ್‌ವರ್ತ್ ಬುಕ್ ಮಾಡಿದೆ, ಜೂನ್ ಕೊನೆ ವಾರಕ್ಕೆ ಬದಲಾಯಿಸಿಕೊಂಡೆವು. ಮನೆಗೂ ಸೇರಿಸಿ ಟಿಕೆಟ್. ಲಿಫ್ಟ್ ಮತ್ತು ಗಾಲಿಕುರ್ಚಿ ಬಗ್ಗೆ ತಮ್ಮ ಫೋನ್ ಮಾಡಿ ಕೇಳುತ್ತಾನೆ. ಟಿಪ್ಪು ಗುಡಾರ ಓದಿದ ಮೇಲೆ ಪೋವಿಸ್‌ಗೂ ಒಂದು ದಿನ ಹೊಂದಿಸಬೇಕು ಅಂತ ಅಮ್ಮ ಹಟ ಹಿಡಿದಿದ್ದಾರೆ.

ಅಪ್ಪ ಇದನ್ನೆಲ್ಲ ಓದಿ ಒಂದೇ ಒಂದು ಪ್ರಶ್ನೆ ಕೇಳಿ ಅಂದರು. ಗಾರೆಕೆಲಸ ಅವರು ಮಾಡು ನೋಡಿ ಅಂದಿದ್ದಾರಲ್ಲ, ಅಲ್ಲಿ ಸೀಸದ ತಗಡು ಹೊದಿಸಿರುತ್ತಾರಂತೆ. ಸೀಸ ಬಿಸಿಗೆ ಅಷ್ಟು ಹಿಗ್ಗುತ್ತೆ, ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಎಲ್ಲಿ ಕೊಟ್ಟಿದ್ದಾರೆ ಅಂತ.

ಗಾರೆಕೆಲಸ:
ಅಪ್ಪನಿಗೆ ನಮಸ್ಕಾರ ಹೇಳಿ, ಸರಿಯಾದ ಪ್ರಶ್ನೆ. ಸೀಸ ಉಕ್ಕಿನ ಎರಡು ಪಟ್ಟಿಗೂ ಜಾಸ್ತಿ ಹಿಗ್ಗುತ್ತೆ. ಅದಕ್ಕೇ ಒಂದೇ ದೊಡ್ಡ ಹಾಳೆ ಹಾಕಲ್ಲ, ಚಿಕ್ಕ ಚಿಕ್ಕ ಹಾಳೆ. ನೀರು ಹರಿಯೋ ದಿಕ್ಕಿನಲ್ಲಿ ಎರಡು ಹಾಳೆ ಸೇರೋ ಕಡೆ ದುಂಡನೆ ಮರದ ರೀಪು ಇಟ್ಟು, ಒಂದು ಹಾಳೆಯ ಅಂಚನ್ನು ಅದರ ಮೇಲೆ ಸುತ್ತಿ, ಇನ್ನೊಂದನ್ನು ಅದರ ಮೇಲೆ ಹೊದಿಸುತ್ತಾರೆ. ಹರಿವಿಗೆ ಅಡ್ಡಕ್ಕೆ ಸುಮಾರು 50 ಮಿಲಿಮೀಟರ್ ಎತ್ತರದ ಮೆಟ್ಟಿಲು ಕೊಡುತ್ತಾರೆ. ಎರಡೂ ಕಡೆ ಬೆಸುಗೆ ಇಲ್ಲ, ಒಂದು ಅಂಚಿಗೆ ಮಾತ್ರ ಮೊಳೆ, ಇನ್ನೊಂದು ಅಂಚು ಜಾರೋದಕ್ಕೆ ಬಿಟ್ಟಿರುತ್ತೆ. ಯಾರಾದರೂ ಬುದ್ಧಿವಂತ ಎರಡೂ ಕಡೆ ಬಿಗಿ ಮಾಡಿದರೆ ಕೆಲವೇ ವರ್ಷದಲ್ಲಿ ಮಧ್ಯೆ ಸೀಳು ಬಿಡುತ್ತೆ. ಮೇಲೆ ಹತ್ತಲು ಬಿಡದಿದ್ದರೆ ಬೇಸರ ಬೇಡ, ತೋಟದ ಎತ್ತರದ ಕಡೆ ನಿಂತು ಬೈನಾಕ್ಯುಲರ್ ಹಿಡಿದರೆ ಆ ಗೆರೆಗಳು ಕಾಣಬಹುದು.